ಪರದೇಶದಲ್ಲಿ ನಮ್ಮ ವಿಳಾಸ

ವಿಳಾಸವೆಂದರೆ ಲಕೋಟೆಯ ಮೇಲೆ ಬರೆಯುವ ನಾಲ್ಕು ಸಾಲುಗಳೆಂದು ನಾವು ಬಹುಕಾಲದ ವರೆಗೆ ತಿಳಿದುಕೊಂಡಿದ್ದೆವು. ನಮ್ಮ ಊರಿನಲ್ಲಿ ತಂದೆಯ ಹೆಸರನ್ನೂ ಅಂಚೆಯ ಊರನ್ನೂ ಬರೆದರೆ ಕಾಗದವು ತಪ್ಪದೆ ಬಂದು ಸೇರುತ್ತಿತ್ತು; ಗದ್ದೆಯ ಆಚೆಯ ಹೆಂಚಿನ ಮನೆ ಯಾರದೆಂದು ಅಂಚೆಯವನಿಗೆ ಗೊತ್ತಿತ್ತು. ನಾವು ಅಲ್ಲಿ ವಾಸವಾಗಿದ್ದೇವೆಂಬುದಕ್ಕೆ ಸಾಕ್ಷಿಯೇನೆಂದು ಕೇಳಿದವರು ಯಾರೂ ಇರಲಿಲ್ಲ. ಆ ಪ್ರಶ್ನೆಯು ನಮಗೆ ಮೊದಲು ಎದುರಾದುದು ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ, 2019ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ. ಈ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ನಮ್ಮ ಹಳೆಯ ಉಪಾಧ್ಯಾಯಿನಿಯವರು ಅಪ್ಪಣೆಮಾಡಿರುವುದರಿಂದ, ಅಂದಿನ ಸಂಗತಿಯು ಮುಂದೆ ಪರದೇಶಕ್ಕೆ ಹೋಗಲಿರುವ ತಂಗಿಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ನಾವೆಂದರೆ ಈ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರು. ತರುವಾಯ ದಾದಿಯರ ಶಿಕ್ಷಣವನ್ನು ಪಡೆದು, ಜರ್ಮನ್ ಭಾಷೆಯನ್ನು ಅಷ್ಟಿಷ್ಟು ಕಲಿತು, ಸಾಲ ಮಾಡಿ ವಿಮಾನದ ಟಿಕೇಟು ಕೊಂಡು, ಅಲ್ಲಿಯ ಒಂದು ಆಸ್ಪತ್ರೆಯ ಕೆಲಸಕ್ಕೆ ಹೊರಟೆವು. ಆಸ್ಪತ್ರೆಯ ವಸತಿಗೃಹದಲ್ಲಿ ಆಗ ಸ್ಥಳವಿರಲಿಲ್ಲವಾದುದರಿಂದ ನಾವೇ ಬಾಡಿಗೆಯ ಕೋಣೆಯನ್ನು ಹುಡುಕಿಕೊಳ್ಳಬೇಕಾಯಿತು. ನಮ್ಮಲ್ಲೊಬ್ಬಳ ತಂಗಿಯ ಕಾಲೇಜಿನ ಫೀಸು ನವೆಂಬರ್ ತಿಂಗಳಲ್ಲಿ ಕಟ್ಟಬೇಕಾಗಿತ್ತು. ಮೊದಲ ಸಂಬಳದಿಂದ ಅದನ್ನು ಕಳುಹಿಸುತ್ತೇವೆಂದು ಮನೆಯವರಿಗೆ ಮಾತುಕೊಟ್ಟು ಬಂದಿದ್ದೆವು.

ಆ ದೇಶದಲ್ಲಿ ಒಂದು ಕಟ್ಟಳೆಯುಂಟು. ಯಾವನೇ ಆಗಲಿ, ಹೊಸ ಮನೆಗೆ ಬಂದು ಸೇರಿದ ಎರಡು ವಾರಗಳೊಳಗಾಗಿ ಪಟ್ಟಣದ ಕಚೇರಿಯಲ್ಲಿ ತನ್ನ ವಾಸಸ್ಥಳವನ್ನು ದಾಖಲೆಮಾಡಿಸಬೇಕು. ಇದಕ್ಕೆ ಅವರು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಇದು ಪರದೇಶಿಗಳಿಗೆ ಮಾತ್ರವೇ ಮಾಡಿದ ಕಟ್ಟಳೆಯಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರೂ ಮನೆ ಬದಲಾಯಿಸಿದಾಗ ಹೀಗೆಯೇ ಮಾಡಬೇಕು. ತಡವಾದರೆ 1,000 ಯೂರೋಗಳ ವರೆಗೆ ದಂಡ ವಿಧಿಸಬಹುದು. 2015ನೆಯ ಇಸವಿ ನವೆಂಬರ್ 1ರಿಂದ ನಡೆಯುತ್ತಿರುವ ಕಾಯಿದೆಯ ಪ್ರಕಾರ, ಮನೆ ಕೊಟ್ಟವನು, ಇಂಥವರು ಇಂಥ ದಿನದಿಂದ ನನ್ನ ಮನೆಗೆ ಬಂದು ಸೇರಿದ್ದಾರೆಂದು ರುಜು ಹಾಕಿಕೊಡಬೇಕು. ಬಾಡಿಗೆಯ ಕರಾರುಪತ್ರವೊಂದನ್ನೇ ತೋರಿಸಿದರೆ ಸಾಲದು.

ಈ ಒಂದು ಕಾಗದವನ್ನು ಮಿಕ್ಕ ಕಾಗದಗಳೆಲ್ಲ ಹೊಂದಿಕೊಂಡಿದ್ದವು. ಅದನ್ನು ಕಾಣದೆ ಬ್ಯಾಂಕಿನವರು ನಮಗೆ ಖಾತೆ ತೆರೆಯಲಿಲ್ಲ. ಖಾತೆಯಿಲ್ಲದೆ ಆಸ್ಪತ್ರೆಯವರು ಸಂಬಳವನ್ನು ಎಲ್ಲಿಗೆ ಕಳುಹಿಸಬೇಕು? ತೆರಿಗೆಗೆ ಬೇಕಾದ ಹನ್ನೊಂದು ಅಂಕಿಗಳ ಸಂಖ್ಯೆಯು ದಾಖಲೆಯಾದ ವಿಳಾಸಕ್ಕೇ ಅಂಚೆಯಲ್ಲಿ ಬರುತ್ತದೆ. ಪರದೇಶಿಗಳ ಕಚೇರಿಯವರು ವಾಸದ ಪರವಾನಗಿಯನ್ನು ಕೊಡುವ ಮುಂಚೆ ಅದನ್ನೇ ಕೇಳುತ್ತಾರೆ. ನಿಲ್ಲಲು ನೆಲೆಯಿಲ್ಲದವರಿಗೂ ಬ್ಯಾಂಕಿನಲ್ಲಿ ಒಂದು ಸಾಧಾರಣ ಖಾತೆಯನ್ನು ತೆರೆಯುವ ಹಕ್ಕನ್ನು ಅಲ್ಲಿಯ ಕಾಯಿದೆಯು 2016ರಿಂದ ಕೊಟ್ಟಿರುವುದೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ನಾವು ಮೊದಲು ಇಳಿದ ಕೋಣೆಯ ಯಜಮಾನನು ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆಗೆದುಕೊಂಡನು. ರುಜುವನ್ನು ಕೇಳಿದಾಗ ನಾಳೆ ಎಂದನು, ಮರುದಿನ ಕೇಳಿದಾಗ ವಾರ ಕಳೆಯಲಿ ಎಂದನು. ಎಂಟನೆಯ ದಿನ ಬಾಯಿಬಿಟ್ಟು ಹೇಳಿದ್ದೇನೆಂದರೆ, ಆ ಮನೆಯು ಅವನದಲ್ಲ. ತಾನು ಬಾಡಿಗೆಗೆ ಹಿಡಿದ ಮನೆಯಲ್ಲಿ ಒಂದು ಕೋಣೆಯನ್ನು ಒಡೆಯನಿಗೆ ತಿಳಿಸದೆ ನಮಗೆ ಕೊಟ್ಟಿದ್ದನು. ಆದಕಾರಣ ನಾವು ಅಲ್ಲಿದ್ದೇವೆಂದು ಬರೆದುಕೊಡಲು ಅವನಿಂದಾಗದು. ನಾವು ಆ ಕೋಣೆಯಲ್ಲಿ ಮಲಗುತ್ತಿದ್ದೆವು, ಆ ಒಲೆಯ ಮೇಲೆ ಗಂಜಿ ಬೇಯಿಸುತ್ತಿದ್ದೆವು, ಆ ಕಿಟಿಕಿಯಿಂದ ಟ್ರಾಮು ಹೋಗುವುದನ್ನು ನೋಡುತ್ತಿದ್ದೆವು. ಆದರೂ ನಾವು ಅಲ್ಲಿ ಇರಲಿಲ್ಲ. ಮನೆ ಕೊಟ್ಟವನು ರುಜು ನಿರಾಕರಿಸಿದರೆ ಆ ಸಂಗತಿಯನ್ನು ತಡಮಾಡದೆ ಕಚೇರಿಗೆ ತಿಳಿಸಬೇಕೆಂದು ಅದೇ ಕಾಯಿದೆಯಲ್ಲಿದೆ. ಅದನ್ನು ಅರಿಯದೆ ನಾವು ಹೆದರಿ ಸುಮ್ಮನಿದ್ದೆವು.

ಹತ್ತನೆಯ ದಿನ ಪರಿಚಯದವರೊಬ್ಬರು ಒಂದು ಉಪಾಯವನ್ನು ಹೇಳಿದರು. ಇಷ್ಟು ಯೂರೋ ಕೊಟ್ಟರೆ ತನ್ನ ಮನೆಯಲ್ಲಿ ನಾವಿದ್ದೇವೆಂದು ರುಜು ಹಾಕುವ ಒಬ್ಬನುಂಟು. ಅವನ ಮನೆಯ ಹೊಸ್ತಿಲನ್ನು ಸಹ ನಾವು ತುಳಿಯಬೇಕಾಗಿಲ್ಲ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದರು. ಆ ರಾತ್ರಿ ನಮ್ಮಲ್ಲೊಬ್ಬಳು ಹಣವನ್ನು ಎಣಿಸಿ ಲಕೋಟೆಯಲ್ಲಿ ಹಾಕಿಟ್ಟಳು, ಮತ್ತೊಬ್ಬಳು ಬೇಡವೆನ್ನಲಿಲ್ಲ. ಇದನ್ನು ಮರೆಮಾಚದೆ ಬರೆಯುತ್ತೇವೆ. ಇಂತಹ ಸುಳ್ಳು ವಿಳಾಸವನ್ನು ಕೊಡುವವನಿಗೆ 50,000 ಯೂರೋಗಳ ವರೆಗೆ ದಂಡವುಂಟೆಂಬುದು ಆಗ ನಮಗೆ ತಿಳಿದಿರಲಿಲ್ಲ. ಆದುದರಿಂದ ನಮ್ಮನ್ನು ತಡೆದದ್ದು ಕಾಯಿದೆಯ ಭಯವಲ್ಲ.

ನಮ್ಮನ್ನು ತಡೆದದ್ದು ಒಂದು ಹಾಜರಿ ಪುಸ್ತಕ. ನಾವು ಎಂಟನೆಯ ತರಗತಿಯಲ್ಲಿದ್ದಾಗ ಒಬ್ಬಳು ಶಾಲೆಗೆ ಬಾರದೆ ಜಾತ್ರೆಗೆ ಹೋಗಿದ್ದಳು. ಅವಳ ಹೆಸರನ್ನು ಕರೆದಾಗ ನಮ್ಮ ಬೆಂಚಿನಿಂದಲೇ ‘ಹಾಜರ್’ ಎಂಬ ಸ್ವರವು ಹೊರಟಿತು. ಉಪಾಧ್ಯಾಯಿನಿಯವರು ತಲೆಯೆತ್ತಿ ನೋಡಿದರು, ಗದರಿಸಲಿಲ್ಲ. ಅದೇ ವಾರ ಹಿಂದಿನ ಬೆಂಚಿನ ಒಬ್ಬ ಮೆಲುದನಿಯ ಹುಡುಗಿಯ ಉತ್ತರವು ಕೇಳಿಸದೆ ಅವರು ಅವಳನ್ನು ಗೈರುಹಾಜರಿಯೆಂದು ಬರೆದುಬಿಟ್ಟರು. ಸಂಜೆ ಅದು ತಿಳಿದುಬಂದಾಗ ಅವರು ಎಲ್ಲರ ಮುಂದೆ ಅವಳ ಕ್ಷಮೆಯನ್ನು ಕೇಳಿ, ನಮ್ಮ ಬೆಂಚಿನ ಕಡೆಗೆ ತಿರುಗಿ, “ಇಲ್ಲದವಳನ್ನು ಇದ್ದಾಳೆನ್ನುವುದು ಸುಳ್ಳು, ಇದ್ದವಳನ್ನು ಇಲ್ಲವೆನ್ನುವುದು ಅದಕ್ಕಿಂತಲೂ ದೊಡ್ಡ ಸುಳ್ಳು” ಎಂದರು. ಸ್ಟುಟ್‌ಗಾರ್ಟಿನ ಆ ಚಳಿಯ ರಾತ್ರಿಯಲ್ಲಿ ನಮಗೆ ಈ ಎರಡು ಸುಳ್ಳುಗಳೂ ಒಟ್ಟಿಗೆ ಕಂಡವು. ಒಂದನ್ನು ಇನ್ನೊಬ್ಬನು ನಮಗೆ ಮಾಡಿದ್ದನು. ಇನ್ನೊಂದನ್ನು ನಾವು ಮಾಡಲು ಹೊರಟಿದ್ದೆವು. ಬೆಳಗಾದ ಮೇಲೆ ಹಣವು ಲಕೋಟೆಯಿಂದ ಮರಳಿ ಪೆಟ್ಟಿಗೆಗೆ ಹೋಯಿತು.

ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಕೆಲಸಮಾಡುತ್ತಿದ್ದ ಹೆಂಗಸಿಗೆ ನಮ್ಮ ಕಷ್ಟವನ್ನು ಹೇಳಿಕೊಂಡೆವು. ಆಕೆಯು ನಮ್ಮನ್ನು ತನ್ನ ನೆರೆಯ ಒಬ್ಬ ಮುದುಕಿಯ ಬಳಿಗೆ ಕರೆದುಕೊಂಡುಹೋದಳು. ಎಂಬತ್ತು ವರ್ಷ ವಯಸ್ಸಿನ ಆ ಅಜ್ಜಿಗೆ ಒಂದು ಕೋಣೆ ಖಾಲಿಯಿತ್ತು. ಬಾಡಿಗೆಯ ಮಾತಿಗಿಂತ ಮೊದಲೇ ನಾವು ನಾಚಿಕೆಯನ್ನು ಬಿಟ್ಟು, “ರುಜು ಹಾಕಿಕೊಡುವಿರಾ, ಅಮ್ಮಾ?” ಎಂದು ಕೇಳಿದೆವು. ಅಜ್ಜಿಯು ನಕ್ಕು, ತನ್ನ ತಾಯಿಯ ಕಥೆಯನ್ನು ಹೇಳಿದಳು. ಅವಳು ಹುಟ್ಟಿದ್ದು ಸೈಲೀಷಿಯಾ ಸೀಮೆಯಲ್ಲಿ. ಎರಡನೆಯ ಮಹಾಯುದ್ಧದ ಅನಂತರ ಆ ಸೀಮೆಯ ಬಹುಭಾಗವು ಪೋಲೆಂಡಿಗೆ ಸೇರಿತು. ಅಲ್ಲಿದ್ದ ಜರ್ಮನರನ್ನು ಹೊರಡಿಸಿದರು. 1946ರಲ್ಲಿ ತಾಯಿಮಕ್ಕಳು ಒಂದು ಗಂಟಿನೊಡನೆ ಪಶ್ಚಿಮಕ್ಕೆ ಬಂದಾಗ, ಊರಿನಲ್ಲಿ ನೆಲಸುವ ಅಪ್ಪಣೆಯ ಚೀಟಿಯಿಲ್ಲದವರಿಗೆ ಪಡಿಯ ಚೀಟಿ ದೊರೆಯುತ್ತಿರಲಿಲ್ಲ. ಕಡೆಗೆ ಒಬ್ಬ ರೈತನ ವಿಧವೆಯು, ಇವರು ನನ್ನ ಅಟ್ಟದ ಮೇಲೆ ಇರುತ್ತಾರೆಂದು ಅಧಿಕಾರಿಯ ಮುಂದೆ ಹೇಳಿದಳಂತೆ. “ಅಂದು ನಮಗೆ ರೊಟ್ಟಿ ಸಿಕ್ಕಿತು” ಎಂದು ಹೇಳಿ, ಅಜ್ಜಿಯು ಕನ್ನಡಕವನ್ನು ಹುಡುಕಿ ತಂದು, ನಮ್ಮ ಕಾಗದಕ್ಕೆ ರುಜು ಹಾಕಿದಳು.

ಅವಳ ಮನೆಗೆ ನಾವು ಆ ದಿನವೇ ಗಂಟುಮೂಟೆ ಸಮೇತ ಬಂದು ಸೇರಿದೆವು. ಕಚೇರಿಯಲ್ಲಿ ಗುಮಾಸ್ತೆಯು ಪಾಸ್‌ಪೋರ್ಟನ್ನೂ ಆ ಪತ್ರವನ್ನೂ ನೋಡಿ, ಕಾಲುಗಂಟೆಯೊಳಗೆ ಮೊಹರು ಹಾಕಿದ ಕಾಗದವನ್ನು ಕೊಟ್ಟಳು. ಅರ್ಜಿಯಲ್ಲಿ ಮತದ ವಿಷಯವಾಗಿಯೂ ಒಂದು ಅಂಕಣವುಂಟು. ಅಲ್ಲಿಯ ಸರಕಾರವು ಸಭೆಗಳ ಪರವಾಗಿ ತೆರಿಗೆಯನ್ನು ಎತ್ತುವುದೇ ಇದಕ್ಕೆ ಕಾರಣ. ಆ ಪ್ರಾಂತದಲ್ಲಿ ಅದು ಆದಾಯ ತೆರಿಗೆಯ ನೂರಕ್ಕೆ 8 ಪಾಲು. ತಂಗಿಯರು ಇದನ್ನು ಮೊದಲೇ ತಿಳಿದು, ವಿಚಾರಿಸಿ, ನಿಜವನ್ನೇ ಬರೆಯತಕ್ಕದ್ದು.

ಇನ್ನೂ ಒಂದು ಕೆಲಸ ಉಳಿದಿತ್ತು. ಆ ದೇಶದಲ್ಲಿ ಒಂದೇ ಕಟ್ಟಡದಲ್ಲಿ ಹತ್ತು ಸಂಸಾರಗಳಿದ್ದರೂ ವಿಳಾಸದಲ್ಲಿ ಸಾಧಾರಣವಾಗಿ ಕೋಣೆಯ ಸಂಖ್ಯೆಯಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಅಂಚೆಯವನು ಕಾಗದವನ್ನು ಹಾಕುತ್ತಾನೆ. ಹೆಸರಿಲ್ಲದಿದ್ದರೆ ಕಾಗದವು ಬಂದ ದಾರಿಯನ್ನು ಹಿಡಿಯುವುದು. ಅಜ್ಜಿಯು ತನ್ನ ಹೆಸರಿನ ಕೆಳಗೆ ನಮ್ಮ ಹೆಸರುಗಳನ್ನು ತನ್ನ ಕೈಯಿಂದಲೇ ಬರೆದು ಅಂಟಿಸಿದಳು. ಒಂದು ಅಕ್ಷರ ತಪ್ಪಿತ್ತು, ನಾವು ತಿದ್ದಲಿಲ್ಲ. ಕೆಲವು ವಾರಗಳಲ್ಲಿ ತೆರಿಗೆಯ ಸಂಖ್ಯೆಯು ಆ ಪೆಟ್ಟಿಗೆಗೇ ಬಂತು. ಖಾತೆಯು ತೆರೆಯಿತು, ತಂಗಿಯ ಫೀಸು ಒಂಬತ್ತು ದಿನ ತಡವಾಗಿ, ದಂಡದೊಡನೆ, ಕಟ್ಟಲ್ಪಟ್ಟಿತು.

ಬಿಡುವು ದೊರೆತಾಗ ಸಮೀಪದ ಎಸ್ಲಿಂಗನ್ ಎಂಬ ಊರಿಗೆ ಹೋದೆವು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು 1881ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಅವರು ನಮ್ಮ ಕರಾವಳಿಗೆ ಬಂದಾಗ ಪರದೇಶಿಗಳಾಗಿದ್ದರಷ್ಟೆ. ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪೆನಿಯ ಸೀಮೆಯು 1833ರ ಕಾಯಿದೆಯ ತರುವಾಯವೇ ತೆರೆಯಿತು. ಬಾಸೆಲ್ ಮಿಷನಿನ ಮೊದಲಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1914ರಲ್ಲಿ ಯುದ್ಧವು ಹುಟ್ಟಿದಾಗ ಇಲ್ಲಿ ಅನೇಕ ವರ್ಷ ಬಾಳಿದ ಜರ್ಮನರು ಶತ್ರುದೇಶದವರೆಂದು ಎಣಿಸಲ್ಪಟ್ಟು, ಕಾವಲಿನಲ್ಲಿಡಲ್ಪಟ್ಟು, ಹಿಂದಕ್ಕೆ ಕಳುಹಿಸಲ್ಪಟ್ಟರು. ಪರದೇಶಿಯ ನೆಲೆಯು ಅವನು ವಾಸಿಸಿದ ವರುಷಗಳಿಂದ ಮಾತ್ರ ಗಟ್ಟಿಯಾಗುವುದಿಲ್ಲ. ಇವನು ನಮ್ಮವನು, ಇಲ್ಲಿರುವನು ಎಂದು ಹೇಳುವವರು ಬೇಕು. ಇಂಗ್ಲೆಂಡಿನಲ್ಲಿ ಜರ್ಮನಿಯಂತೆ ನಿವಾಸಿಗಳ ದಫ್ತರವಿಲ್ಲ. ಅಲ್ಲಿರುವ ನಮ್ಮ ಗೆಳತಿಯನ್ನು ಬ್ಯಾಂಕಿನವರು ಅವಳ ಹೆಸರಿನ ವಿದ್ಯುತ್ ಬಿಲ್ಲನ್ನು ಕೇಳಿದರು. ಬಿಲ್ಲುಗಳೆಲ್ಲ ಮನೆಯ ಒಡತಿಯ ಹೆಸರಿನಲ್ಲಿದ್ದವು. ಕಡೆಗೆ ಅವಳ ಕೆಲಸದವರು ಬರೆದುಕೊಟ್ಟ ಪತ್ರವೇ ಕಾಪಾಡಿತು. ಬಿಲ್ಲಾಗಲಿ ಪತ್ರವಾಗಲಿ, ಕೊನೆಗೆ ಇನ್ನೊಬ್ಬರ ಮಾತೇ ನಮ್ಮ ವಿಳಾಸ.

2023ರಲ್ಲಿ ರಜೆಯ ಮೇಲೆ ಊರಿಗೆ ಬಂದೆವು. ನಮ್ಮಲ್ಲೊಬ್ಬಳ ಮನೆಯ ಮಾಳಿಗೆಯ ಕೋಣೆಯಲ್ಲಿ ಅಸ್ಸಾಮಿನ ಇಬ್ಬರು ಹುಡುಗಿಯರು ಬಾಡಿಗೆಗೆ ಇದ್ದರು. ಬಟ್ಟೆಯಂಗಡಿಯಲ್ಲಿ ಅವರಿಗೆ ಕೆಲಸ. ಅವರು ಪರದೇಶಿಗಳಲ್ಲ, ನಮ್ಮ ದೇಶದವರೇ. ಬ್ಯಾಂಕಿಗೆ ಬೇಕೆಂದು ಒಂದು ಪತ್ರವನ್ನು ಆರು ತಿಂಗಳಿನಿಂದ ಕೇಳುತ್ತಿದ್ದರಂತೆ. ಅಪ್ಪನವರು ತೆರಿಗೆಯವರು ವಿಚಾರಿಸಿಯಾರೆಂದು ಹಿಂಜರಿದು, ನಾಳೆ ನೋಡೋಣವೆನ್ನುತ್ತಾ ಬಂದಿದ್ದರು. ನಾಳೆ ಎಂಬ ಆ ಮಾತು ನಮಗೆ ಹೊಸದಾಗಿರಲಿಲ್ಲ. ಜರ್ಮನಿಯ ಆ ಯಜಮಾನನನ್ನು ನಾವು ನಾಲ್ಕು ವರ್ಷ ಮನಸ್ಸಿನಲ್ಲಿ ಶಪಿಸಿದ್ದೆವು. ಅವನು ನಮ್ಮ ಜಗಲಿಯ ಮೇಲೆಯೇ ಕುಳಿತಿದ್ದನು.

“ಅಪ್ಪಾ, ಅವರು ನಮ್ಮ ಮನೆಯಲ್ಲಿ ಇದ್ದಾರೋ ಇಲ್ಲವೋ?” ಎಂದು ಕೇಳಿದೆವು. ಅಪ್ಪನವರು ಆ ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ ಕರಾರುಪತ್ರವನ್ನು ಬರೆಯಿಸಿ, ಅದರೊಡನೆ, ಇವರು ನಮ್ಮ ಮನೆಯಲ್ಲಿ ವಾಸವಾಗಿದ್ದಾರೆಂಬ ಒಂದು ಸಾಲಿನ ಪತ್ರಕ್ಕೆ ರುಜು ಹಾಕಿ ಮಾಳಿಗೆಗೆ ತಾವೇ ಕೊಂಡುಹೋಗಿ ಕೊಟ್ಟರು.

ಪ್ರಿಯ ತಂಗಿಯರೇ, ನಿಮ್ಮಲ್ಲಿ ಕೆಲವರು ದೂರದೇಶಗಳಿಗೆ ಹೋಗುವಿರಿ. ಮುಂಗಡ ಕೊಡುವ ಮೊದಲೇ ರುಜುವಿನ ಮಾತನ್ನು ಕೇಳಿರಿ; ಕೆಲಸ ಕೊಟ್ಟವರ ಪತ್ರವನ್ನು ಕೈಯಲ್ಲಿರಿಸಿಕೊಳ್ಳಿರಿ; ವಿಳಾಸವನ್ನು ಹಣಕ್ಕೆ ಕೊಳ್ಳಬೇಡಿರಿ. ಊರಿನಲ್ಲಿಯೇ ಉಳಿದು ಮನೆಯೊಡತಿಯರಾಗುವವರೇ ಹೆಚ್ಚು. ನಿಮ್ಮ ಛಾವಣಿಯ ಕೆಳಗೆ ಇರುವವಳು ಒಂದು ದಿನ ಕಾಗದವನ್ನು ಹಿಡಿದು ಬಾಗಿಲಲ್ಲಿ ನಿಂತಾಳು. ಅವಳನ್ನು ನಾಳೆ ಬಾ ಎನ್ನಬೇಡಿರಿ. ಅವಳು ಇದ್ದಾಳೆ, ಹಾಜರಿಯನ್ನು ಬರೆಯಿರಿ.