ಹೊಸ ಬಡಾವಣೆಯ ಹಳೆಯ ಮಂದಿ

ತಲೆ ನರೆತು, ಮೈ ಸುಕ್ಕುಗಟ್ಟಿ, ಮಕ್ಕಳ ಮಕ್ಕಳ ಮುಖವನ್ನು ಕಂಡ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ನಮ್ಮ ಸ್ಮೃತಿಕಾರರು ವಿಧಿಸಿದಾಗ ಅವರು ಆತನಿಗೆ ಎಂಥ ಉಪಕಾರವನ್ನು ಮಾಡಿದ್ದರೆಂಬುದು, ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಮನೆ ಹುಡುಕಲು ಹೊರಟ ಮೇಲೆ ನನಗೆ ಮನದಟ್ಟಾಯಿತು. ಕಾಡಿನ ಅಂಚಿನಲ್ಲಿ ಪರ್ಣಕುಟಿಯನ್ನು ಕಟ್ಟಿಕೊಳ್ಳುವವನು ತಾಯಿಪತ್ರವನ್ನು ತೋರಿಸೆಂದು ಯಾರನ್ನೂ ಬೇಡಬೇಕಾಗಿರಲಿಲ್ಲ. ಋಣಭಾರ ಪತ್ರಕ್ಕಾಗಿ ಸಬ್‌ರಿಜಿಸ್ಟ್ರಾರರ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನಗಳನ್ನು ಸವೆಸಬೇಕಾಗಿರಲಿಲ್ಲ. ಖಾತೆ ಯಾರ ಹೆಸರಿನಲ್ಲಿದೆಯೆಂದು ಹುಲಿಗಳು ಕೇಳುತ್ತಿರಲಿಲ್ಲ. ನಮ್ಮ ಕಾಲದ ಸರ್ಕಾರವಾದರೋ 60 ತುಂಬಿದ ನೌಕರನಿಗೆ ಹಾರ ಹಾಕಿ, ಶಾಲು ಹೊದಿಸಿ, ತಲೆಗೊಂದು ಮೈಸೂರು ಪೇಟವನ್ನಿಟ್ಟು ಬೀಳ್ಕೊಡುತ್ತದೆಯೇ ವಿನಾ, ಆ ಪೇಟವನ್ನು ತೂಗುಹಾಕಲು ಅವನಿಗೆ ಗೋಡೆಯೊಂದುಂಟೆ ಎಂದು ವಿಚಾರಿಸುವುದಿಲ್ಲ.

ನಾನು ಖಜಾನೆ ಇಲಾಖೆಯಲ್ಲಿ ದುಡಿದವನು. ಪರರ ಪಿಂಚಣಿಯ ಕಾಗದಗಳನ್ನು ತಿದ್ದುತ್ತ, ಸರ್ಕಾರವು ವರ್ಗ ಮಾಡಿದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಪರರ ಮನೆಗಳಿಗೆ ಬಾಡಿಗೆ ತೆತ್ತು, ಮಕ್ಕಳ ವಿದ್ಯಾಭ್ಯಾಸವೂ ಮದುವೆಯೂ ಮುಗಿಯುವ ತನಕ ಸ್ವಂತ ಸೂರಿನ ವಿಚಾರವನ್ನು ಮುಂದಕ್ಕೆ ಹಾಕುತ್ತ ಬಂದಿದ್ದೆ. ಗ್ರಾಚುಯಿಟಿ, ಗಳಿಕೆ ರಜೆಯ ನಗದು, ಪಿಂಚಣಿಯ ಮೂರನೆಯ ಒಂದಂಶವನ್ನು ಹದಿನೈದು ವರ್ಷಗಳ ಮಟ್ಟಿಗೆ ಬಿಟ್ಟುಕೊಟ್ಟು ಪಡೆದ ಪರಿವರ್ತನೆಯ ಮೊತ್ತ ಇವಿಷ್ಟನ್ನೂ ಕೂಡಿಸಿದಾಗ ಕಾಗದದ ಮೇಲೆ ಗೌರವಯುತವಾಗಿಯೇ ಕಾಣುತ್ತಿದ್ದ ಅಂಕಿಯು, ಬೆಂಗಳೂರಿನ ದಲ್ಲಾಳಿಯೊಬ್ಬನ ಮುಂದೆ ಉಚ್ಚರಿಸಿದೊಡನೆ ನಾಚಿಕೆಯಿಂದ ಕುಗ್ಗಿಹೋಯಿತು. ಒಂದಾನೊಂದು ಕಾಲದಲ್ಲಿ ಪಿಂಚಣಿದಾರರ ಸ್ವರ್ಗವೆಂದು ಖ್ಯಾತಿವೆತ್ತ ಆ ಮಹಾನಗರವು ಈಗ ಸ್ವರ್ಗದ ಬಾಗಿಲನ್ನು ಸಂಬಳದಾರರಿಗೇ ಮೀಸಲಿಟ್ಟಿದೆ. ಆದುದರಿಂದ ನಾವು ಮೈಸೂರಿನ ಕಡೆಗೆ ಮುಖಮಾಡಿದೆವು. ನಮ್ಮಂತೆ ಯೋಚಿಸಿದವರು ಅನೇಕರಿದ್ದರೆಂಬುದೂ, 2023ರ ಮಾರ್ಚಿನಲ್ಲಿ ಹತ್ತು ಪಥಗಳ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಅವರ ಸಂಖ್ಯೆ ಹೆಚ್ಚಿತೆಂಬುದೂ ಅಲ್ಲಿಯ ಬೆಲೆಗಳನ್ನು ಕೇಳಿದಾಗ ತಿಳಿದುಬಂತು.

ಮೈಸೂರು ನನಗೆ ಹೊಸ ಊರಲ್ಲ. ಕಾಲೇಜಿನಲ್ಲಿ ಓದುವಾಗ ಕೃಷ್ಣಮೂರ್ತಿಪುರದ ವಠಾರವೊಂದರ ಕೋಣೆಯಲ್ಲಿ ಇದ್ದೆ. ಮನೆಗಳ ಬೆನ್ನಿಗೆ ಹಾದುಹೋಗುವ ಕನ್ಸರ್‌ವೆನ್ಸಿ ಗಲ್ಲಿ, ಅಳತೆಗೋಲಿಟ್ಟು ಎಳೆದಂಥ ನೇರ ರಸ್ತೆಗಳು, ರಸ್ತೆಗಳು ಕೂಡುವೆಡೆ ಗಾಳಿಯಾಡಲೆಂದು ಬಿಟ್ಟ ಬಯಲು ಇವು ಊರು ಎಂದರೆ ಹೀಗೆಯೇ ಇರುತ್ತದೆಂಬ ಭಾವನೆಯನ್ನು ನನ್ನಲ್ಲಿ ಹುಟ್ಟಿಸಿದ್ದವು. ಅದೆಲ್ಲವೂ ಒಂದು ಮಹಾಭಯದಿಂದ ಹುಟ್ಟಿದ ಅಚ್ಚುಕಟ್ಟೆಂಬುದು ಎಷ್ಟೋ ವರ್ಷಗಳ ಮೇಲೆ ನನಗೆ ಗೊತ್ತಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು, ಇಕ್ಕಟ್ಟಾದ ಓಣಿಗಳ ಹಳೆಯ ಊರನ್ನು ಬಿಟ್ಟು ಜನರು ಬಯಲಿನ ಗುಡಿಸಲುಗಳಿಗೆ ಓಡಿದರು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು 1898ರ ಆ ಪಿಡುಗಿನ ತರುವಾಯ ತುಂಬಿಕೊಂಡವು. ಮುಂಬಯಿ ಅದೇ ವರ್ಷ ನಗರ ಸುಧಾರಣಾ ಮಂಡಳಿಯೊಂದನ್ನು ನೇಮಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು 1903ರಲ್ಲಿ ಅಂಥದೇ ಮಂಡಳಿಯನ್ನು ಸ್ಥಾಪಿಸಿತು. ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳು ತೆರವಾದವು. ಚಾಮರಾಜಪುರ, ಲಕ್ಷ್ಮೀಪುರ ಮುಂತಾದ ಎಕ್ಸ್‌ಟೆನ್ಷನ್ನುಗಳು ಬೆಳೆದವು. ಆ ಮಂಡಳಿಯವರ ಕ್ರಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು: ಅವರು ಮೊದಲು ರಸ್ತೆಯನ್ನು ಹಾಕಿ, ಚರಂಡಿಯನ್ನು ತೋಡಿ, ಉದ್ಯಾನಕ್ಕೆ ಜಾಗವನ್ನು ಬಿಟ್ಟು, ಅನಂತರ ನಿವೇಶನವನ್ನು ಹಂಚಿದರು.

ಹೀಗೆ ಬೆಳೆದ ಪ್ರತಿಯೊಂದು ಪ್ರತಿಷ್ಠಿತ ಬಡಾವಣೆಯೂ ತನ್ನ ಬಾಲ್ಯದಲ್ಲಿ ಊರಾಚೆಯ ಕಾಡೇ ಆಗಿತ್ತು. ಕುವೆಂಪು ಅವರು ‘ಉದಯರವಿ’ಯನ್ನು ಕಟ್ಟಿಸಿದ ಒಂಟಿಕೊಪ್ಪಲಿನ ಕಡೆ ಆಗ ಪಟ್ಟಣವು ಮುಗಿದು ಹೊಲಗಳು ಮೊದಲಾಗುತ್ತಿದ್ದವು, ಇಂದು ಅದೇ ದಿಕ್ಕಿನಲ್ಲಿ ಒಂದು ಸೈಟಿನ ಬೆಲೆಯನ್ನು ವಿಚಾರಿಸಬೇಕಾದರೆ ಪಕ್ಕದಲ್ಲೊಂದು ಕುರ್ಚಿಯಿರಬೇಕು. ಆರ್. ಕೆ. ನಾರಾಯಣರು ಮನೆ ಕಟ್ಟಿಸಿದ ಯಾದವಗಿರಿಯ ಕಥೆಯೂ ಬೇರೆಯಲ್ಲ. ಅವರ ಮನೆ ಈಗ ವಸ್ತುಸಂಗ್ರಹಾಲಯ. ಸುತ್ತಲಿನ ಮನೆಗಳೂ ಮಧ್ಯಮ ವರ್ಗದವನ ಪಾಲಿಗೆ ಹೊರಗಿನಿಂದ ನೋಡತಕ್ಕ ವಸ್ತುಗಳೇ. ಕುವೆಂಪುನಗರವೆಂಬ ಹೆಸರನ್ನು ಹೊತ್ತ ಬಡಾವಣೆಯನ್ನು ನನ್ನ ಸಹಪಾಠಿಗಳು ‘ಅಷ್ಟು ದೂರ ಯಾರು ಹೋಗುತ್ತಾರೆ?’ ಎಂದು ಹಾಸ್ಯಮಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ದೂರ ಹೋದವರು ಬುದ್ಧಿವಂತರು. ಹಾಸ್ಯಮಾಡಿದವರು ಈಗ ಅದಕ್ಕಿಂತ ದೂರ ಹೋಗಿದ್ದಾರೆ.

ಇದರಿಂದ ಒಂದು ವಿಪರ್ಯಾಸವು ಹುಟ್ಟಿಕೊಂಡಿದೆ. ಯೌವನದಲ್ಲಿ, ನಾಲ್ಕು ಮೈಲಿ ನಡೆದರೂ ದಣಿಯದ ಕಾಲಿದ್ದಾಗ, ನಾವು ಊರಿನ ನಡುಮಧ್ಯದ ಹಳೆಯ ಬೀದಿಗಳಲ್ಲಿ ಬಾಡಿಗೆಗಿದ್ದೆವು. ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣಗಳೆಲ್ಲವೂ ಕೂಗಳತೆಯಲ್ಲಿದ್ದವು. ಆಸ್ಪತ್ರೆಯ ಅಗತ್ಯವಂತೂ ಇರಲಿಲ್ಲ. ಮಂಡಿ ಮುಷ್ಕರ ಹೂಡಿ, ತಿಂಗಳಿಗೊಮ್ಮೆ ವೈದ್ಯರ ದರ್ಶನ ಅನಿವಾರ್ಯವಾದ ವಯಸ್ಸಿನಲ್ಲಿ, ಬೀದಿದೀಪವೂ ಬಾರದ ಎಳೆಯ ಬಡಾವಣೆಗೆ ಗೃಹಪ್ರವೇಶದ ಆಹ್ವಾನಪತ್ರಿಕೆಯೊಡನೆ ಹೊರಡುತ್ತೇವೆ. ಊರಿನ ಅತಿ ಕಿರಿಯ ಭಾಗದಲ್ಲಿ ಊರಿನ ಅತಿ ಹಿರಿಯರು ನೆಲೆಸುವ ಈ ವ್ಯವಸ್ಥೆಯನ್ನು ಯಾವ ಯೋಜನಾತಜ್ಞನೂ ರೂಪಿಸಿದವನಲ್ಲ. ಅದನ್ನು ರೂಪಿಸಿದ್ದು ಚದರಡಿಯ ದರ.

ಮೈಸೂರಿನಲ್ಲಿ ನಮಗೆ ಸಿಕ್ಕ ದಲ್ಲಾಳಿ ಮಾತಿನಲ್ಲಿ ಉದಾರಿ. ರಿಂಗ್ ರಸ್ತೆಯ ಆಚೆ, ಹುರುಳಿ ಕೊಯ್ದ ಹೊಲದ ನಡುವೆ ಹಳದಿ ಬಣ್ಣ ಬಳಿದ ಗಡಿಕಲ್ಲುಗಳ ಸಾಲನ್ನು ತೋರಿಸಿ, ಇಲ್ಲಿ ಉದ್ಯಾನ, ಇಲ್ಲಿ ಶಾಲೆ, ಇಲ್ಲಿ ಸೂಪರ್ ಮಾರ್ಕೆಟ್ ಎಂದು ಶೂನ್ಯದಲ್ಲಿ ನಗರವೊಂದನ್ನು ನಿರ್ಮಿಸುವ ಶಕ್ತಿ ಆತನಿಗಿತ್ತು. “ಇನ್ನೊಂದ್ ಐದ್ ವರ್ಸ ತಡೀರಿ ಸಾರ್, ಈ ಏರಿಯಾನೂ ಕುವೆಂಪುನಗರ ಆಯ್ತದೆ” ಎಂದು ಆತ ಭರವಸೆ ಕೊಟ್ಟಾಗ, ಕಟ್ಟಿ ಮುಗಿದಿದ್ದ ಮನೆಯೊಂದರ ಕಡಿದಾದ ಮೆಟ್ಟಿಲುಗಳನ್ನು ನೋಡುತ್ತ ನಿಂತಿದ್ದ ನನ್ನ ಶ್ರೀಮತಿಯು, “ಏರಿಯಾ ಆಗತ್ತಪ್ಪ, ಐದು ವರ್ಷಕ್ಕೆ ನಮ್ಮ ಮಂಡಿ ಏನಾಗತ್ತೆ?” ಎಂದು ಕೇಳಿದಳು. ಅವಳು ಪರಿಶೀಲಿಸುತ್ತಿದ್ದ ಅಂಶಗಳೇ ಬೇರೆ. ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ನೆಲದ ಹಾಸು ನೀರು ಬಿದ್ದರೆ ಜಾರುತ್ತದೆಯೆ, ರಾತ್ರಿ ಆಟೋ ಬಾಗಿಲ ತನಕ ಬರುವುದೆ, ಔಷಧಿಯಂಗಡಿಗೂ ಹಾಲಿನ ಬೂತಿಗೂ ಎಷ್ಟು ದೂರ ಎಂಬ ಅವಳ ಪ್ರಶ್ನೆಗಳಿಗೆ ಉತ್ತರ ಹೇಳುವ ಅಭ್ಯಾಸ ದಲ್ಲಾಳಿಗಿರಲಿಲ್ಲ. ಹಿರಿಯ ನಾಗರಿಕರಿಗೆಂದೇ ಕಟ್ಟಿದ ವಸತಿಸಮುಚ್ಚಯಗಳ ಹೊಳೆಯುವ ಪುಸ್ತಿಕೆಗಳಲ್ಲಿ ಈ ಪ್ರಶ್ನೆಗಳಿಗೆಲ್ಲ ಉತ್ತರವಿತ್ತು. ಆದರೆ ಅಲ್ಲಿ ಕೇಳುವ ಠೇವಣಿಯ ಮೇಲೆ ತಿಂಗಳ ನಿರ್ವಹಣಾ ವೆಚ್ಚವನ್ನೂ ತೆತ್ತರೆ, ಉಳಿದ ಪಿಂಚಣಿಯಲ್ಲಿ ನಾವು ಹವೆಯನ್ನಷ್ಟೇ ಸೇವಿಸಿ ಬದುಕಬೇಕಾಗುತ್ತಿತ್ತು.

ಕೊನೆಗೆ ನಾವು ಒಪ್ಪಿದ ಮನೆ ಲಿಂಗಾಂಬುಧಿ ಕೆರೆಯಿಂದಾಚೆ, ಪಂಚಾಯಿತಿಯ ಸೀಮೆಯಲ್ಲಿತ್ತು. ಮೂವತ್ತು ನಲವತ್ತರ ಸೈಟು, ಒಂದೇ ಅಂತಸ್ತು, ಮುಂದೊಂದು ಸಣ್ಣ ಜಗಲಿ. ಕೊಳ್ಳುವ ಮುಂಚೆ ವಕೀಲರಿಗೆ ತೋರಿಸಲೆಂದು ತಂದ ತಾಯಿಪತ್ರದ ನಕಲನ್ನು, ಹಳೆಯ ಕಡತಗಳ ಚಟವಿದ್ದ ನಾನು ಅವರಿಗಿಂತ ಮೊದಲೇ ಓದಿದೆ. ಅದರ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ದಾಯಾದಿಗಳ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹುಣಸೆಮರವಿರುವ ಬದು, ದಕ್ಷಿಣಕ್ಕೆ ಸರ್ಕಾರಿ ಹಳ್ಳ. ಈಗ ಜಮೀನಿನಲ್ಲಿ ಎದುರು ಮನೆಯವರ ಕಾರು ನಿಲ್ಲುತ್ತದೆ, ಬಂಡಿದಾರಿ ಎರಡನೆಯ ಅಡ್ಡರಸ್ತೆಯಾಗಿದೆ, ಹುಣಸೆಮರವನ್ನು ಕಂಡವರಿಲ್ಲ. ಹಳ್ಳವೊಂದು ಮಾತ್ರ ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಆ ಕೆರೆಗೆ ಸುತ್ತಲಿನ ಇಳಿಜಾರಿನ ಮಳೆನೀರೆಲ್ಲ ಹರಿದುಬರಬೇಕೆಂಬುದು ಅಂದಿನ ಏರ್ಪಾಡು. ಕ್ರಯಪತ್ರಗಳನ್ನು ಓದುವ ಪರಿಪಾಠ ನೀರಿಗಿಲ್ಲವಾದುದರಿಂದ, ಜೋರು ಮಳೆ ಬಂದ ರಾತ್ರಿ ಅದು ಹಳೆಯ ದಾರಿಯನ್ನೇ ಹಿಡಿದು ನಮ್ಮ ಗೇಟಿನ ಮುಂದೆ ಸಶಬ್ದವಾಗಿ ಸಾಗುತ್ತದೆ. ವಕೀಲರು ಪತ್ರವು ನಿರ್ದುಷ್ಟವಾಗಿದೆಯೆಂದರು. ಹಳ್ಳದ ಬಗ್ಗೆ ಅವರ ಅಭಿಪ್ರಾಯವನ್ನು ನಾವು ಕೇಳಿರಲಿಲ್ಲ.

ಮನೆ ಅಗ್ಗವಾಗಿದ್ದುದಕ್ಕೆ ಕಾರಣಗಳು, ಬಂದು ನೆಲೆಸಿದ ಮೇಲೆ, ಒಂದೊಂದಾಗಿ ಪರಿಚಯ ಮಾಡಿಕೊಂಡವು. ಕಬಿನಿಯ ನೀರಿನ ಕೊಳವೆ ಮುಖ್ಯರಸ್ತೆಯವರೆಗೆ ಬಂದು ನಿಂತಿತ್ತು. ಅಲ್ಲಿಂದೀಚೆಗೆ ಬೋರ್‌ವೆಲ್, ಅದು ಕೈಕೊಟ್ಟ ದಿನ ಟ್ಯಾಂಕರ್. ಒಳಚರಂಡಿಯ ಮ್ಯಾನ್‌ಹೋಲುಗಳು ಶೋಭೆಗೆಂಬಂತೆ ಇದ್ದವು. ಅವು ಯಾವುದಕ್ಕೂ ಜೋಡಣೆಯಾಗಿರಲಿಲ್ಲ. ಕಸದ ಗಾಡಿ ಪಂಚಾಯಿತಿಗೆ ಸೇರಿದುದೋ ಪಾಲಿಕೆಗೆ ಸೇರಿದುದೋ ಎಂಬ ತತ್ತ್ವಜಿಜ್ಞಾಸೆ ಮುಗಿಯುವ ತನಕ ಕಸವು ಖಾಲಿ ಸೈಟಿಗೆ ಸೇರುತ್ತಿತ್ತು. ಹಿಂದಿನ ಮಂಡಳಿಯು ನಿವೇಶನಕ್ಕೆ ಮುಂಚೆ ಮಾಡಿ ಮುಗಿಸುತ್ತಿದ್ದ ಕೆಲಸಗಳನ್ನೆಲ್ಲ ಇಲ್ಲಿ ನಿವೇಶನ ಕೊಂಡವರೇ ಮನೆ ಕಟ್ಟಿದ ಮೇಲೆ ಮಾಡಿಸಿಕೊಳ್ಳಬೇಕಾಗಿತ್ತು. ಬೆಲೆಯಲ್ಲಿ ನಮಗೆ ಬಿಟ್ಟುಕೊಟ್ಟದ್ದು ಈ ದುಡಿಮೆಯ ಕೂಲಿ.

ಆ ದುಡಿಮೆಗೆ ನಮಗಿಂತ ಯೋಗ್ಯರು ಸಿಗುತ್ತಿರಲಿಲ್ಲ. ಬಡಾವಣೆಯ ತರುಣರು ಬೆಳಗ್ಗೆ ಎಂಟಕ್ಕೆ ಹೆಲ್ಮೆಟ್ ಹಾಕಿ ಹೊರಟರೆ ಹಿಂದಿರುಗುವುದು ದೀಪ ಹೊತ್ತಿಸುವ ವೇಳೆಗೆ, ದೀಪವಿದ್ದರೆ. ಹಗಲಿಡೀ ಊರಿನ ಭಾರವನ್ನು ಹೊರುವವರು ಪಿಂಚಣಿದಾರರು. ಮೂರನೆಯ ಅಡ್ಡರಸ್ತೆಯ ನಿವೃತ್ತ ಓವರ್‌ಸಿಯರು ಚರಂಡಿಯ ಇಳಿಜಾರನ್ನು ನೀರಿನ ಕೊಳವೆಯಿಟ್ಟು ಅಳೆದರು. ಮೂಲೆಮನೆಯ ಮುಖ್ಯೋಪಾಧ್ಯಾಯಿನಿಯವರು ಮನೆಮನೆಗೆ ಹೋಗಿ ಸಹಿ ಮಾಡಿಸಿದರು, ಹಾಜರಿ ಕೂಗುವ ಕಂಠದ ಮುಂದೆ ಸಹಿ ಹಾಕದೆ ಉಳಿದವರಿಲ್ಲ. ಅರ್ಜಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನವೆಲ್ಲ ಅರ್ಜಿಗಳನ್ನು ಸ್ವೀಕರಿಸಿ, ಯಾವ ಅರ್ಜಿ ಮೇಲಕ್ಕೆ ಹೋಗುತ್ತದೆ, ಯಾವುದು ಕಪಾಟಿಗೆ ಹೋಗುತ್ತದೆ ಎಂಬುದನ್ನು ಬಲ್ಲ ನಾನು, ಆ ಜ್ಞಾನವನ್ನು ಮೊದಲ ಬಾರಿಗೆ ಮೇಜಿನ ಈಚೆಯ ಕಡೆಯಿಂದ ಪ್ರಯೋಗಿಸಿದೆ. ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಬೇಕು. ಹಿಂದಿನ ಪತ್ರದ ದಿನಾಂಕವನ್ನು ಉಲ್ಲೇಖಿಸಬೇಕು. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆಯಿರಬೇಕು. ಸ್ವೀಕೃತಿಯ ಮೊಹರಿಲ್ಲದೆ ಬಾಗಿಲು ದಾಟಕೂಡದು. ಬೀದಿದೀಪಗಳು ಬಂದವು. ಅವುಗಳ ಹಿಂದೆಯೇ ದಿನಕ್ಕೆ ಕೆಲವು ಸಲ ನಗರ ಸಾರಿಗೆಯ ಬಸ್ಸು ಬಂತು. ಬಸ್ಸಿನ ಹಿಂದೆ ಔಷಧಿಯಂಗಡಿ, ಔಷಧಿಯಂಗಡಿಯ ಹಿಂದೆ ವೈದ್ಯರೊಬ್ಬರ ನಾಮಫಲಕ. ಬೋಗಾದಿ, ಶ್ರೀರಾಂಪುರದಂಥ ಗ್ರಾಮ ಪಂಚಾಯಿತಿಗಳು ಆಗಲೇ ಪಟ್ಟಣ ಪಂಚಾಯಿತಿಗಳಾಗಿದ್ದುದರಿಂದ ಅರ್ಜಿಯ ವಿಳಾಸವೂ ಒಂದಷ್ಟು ಗಂಭೀರವಾಗಿತ್ತು.

ಹಿಂದೆ ರೋಗದ ಭಯವು ಸರ್ಕಾರದಿಂದ ಮಾಡಿಸಿದ ಕಾರ್ಯವನ್ನು ಇಂದು ಮಂಡಿನೋವಿನ ಜನ ಸರ್ಕಾರದಿಂದ ಮಾಡಿಸುತ್ತಿದ್ದೇವೆಂಬ ಸಣ್ಣ ಹೆಮ್ಮೆ ನನಗಿಲ್ಲದಿಲ್ಲ. ವಿಶ್ರಾಂತಿಗಾಗಿ ಕೊಂಡ ಮನೆಯಲ್ಲಿ ವಿಶ್ರಾಂತಿಯೊಂದೇ ದೊರೆಯಲಿಲ್ಲವೆಂದು ದೂರುವುದಕ್ಕೂ ಮನಸ್ಸಾಗುವುದಿಲ್ಲ. ಏತಕ್ಕೆಂದರೆ, ಸೇವೆಯಲ್ಲಿದ್ದಾಗ ನಾನು ಮುಂದಕ್ಕೆ ಕಳಿಸಿದ ಕಡತಗಳು ಕಟ್ಟಕಡೆಗೆ ಏನಾದುವೋ ನೋಡಿದವನಲ್ಲ, ಇಲ್ಲಿಯಾದರೋ ಬರೆದ ಕಾಗದವು ಕಂಬವಾಗಿ ಕಣ್ಣೆದುರಿಗೆ ನಿಲ್ಲುತ್ತದೆ. ಆದರೆ ಈ ಹೆಮ್ಮೆಗೊಂದು ಬೆಲೆಯಿದೆ, ಅದು ಚದರಡಿಯ ಲೆಕ್ಕದಲ್ಲಿದೆ. ನಮ್ಮ ಒಂದೊಂದು ಅರ್ಜಿ ಫಲಿಸಿದಂತೆಯೂ ಸುತ್ತಲಿನ ಸೈಟುಗಳ ದರ ಏರಿತು. ದೀಪಕ್ಕಿಷ್ಟು, ಬಸ್ಸಿಗಿಷ್ಟು ಎಂದು ಅದೇ ದಲ್ಲಾಳಿಯು ಈಗ ಬೇರೆಯವರಿಗೆ ಲೆಕ್ಕ ಒಪ್ಪಿಸುತ್ತಾನೆ. ಬಡವನ ಬಡಾವಣೆಯೊಂದನ್ನು ಬಡವನು ಕೊಳ್ಳಲಾರದ ಬಡಾವಣೆಯನ್ನಾಗಿ ಮಾಡುವುದರಲ್ಲಿ ನಾವು ಯಶಸ್ವಿಯಾಗುತ್ತಿದ್ದೇವೆ.

ಮೊನ್ನೆ ನನ್ನ ಇಲಾಖೆಯ ಕಿರಿಯ ಸಹೋದ್ಯೋಗಿಯೊಬ್ಬರು, ಬರುವ ವರ್ಷ ನಿವೃತ್ತರಾಗತಕ್ಕವರು, ಪತ್ನೀಸಮೇತ ಬಂದಿದ್ದರು. ಜಗಲಿಯಲ್ಲಿ ಕಾಫಿ ಕುಡಿದು, ಎದುರಿನ ದೀಪದ ಕಂಬವನ್ನು ಮೆಚ್ಚಿ, “ಇಲ್ಲೇ ಎಲ್ಲಾದ್ರೂ ಒಂದು ಪುಟ್ಟ ಮನೆ ಕೊಡಿಸಿಬಿಡಿ ಸಾರ್” ಎಂದರು. ಅವರ ಗ್ರಾಚುಯಿಟಿ ಎಷ್ಟಾದೀತೆಂಬುದನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕಿದ ನಾನು, ಇಲ್ಲಿ ಆಗದು, ಇನ್ನೆರಡು ಹಳ್ಳಿ ದಾಟಿ ನೋಡಬೇಕೆಂದು ಹೇಳಿದೆ. ಅವರ ಮುಖ ಬಾಡಿತು. ಒಳಗೆ ಹೋಗಿ ಬೀದಿದೀಪದಿಂದ ಒಳಚರಂಡಿಯವರೆಗಿನ ನಮ್ಮ ಅರ್ಜಿಗಳ ನಕಲುಗಳನ್ನೆಲ್ಲ ತಂದು, ಒಂದು ಫೈಲಿನಲ್ಲಿ ಕ್ರಮವಾಗಿ ಪೋಣಿಸಿ ಅವರ ಕೈಗಿತ್ತೆ. ಒಕ್ಕಣೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ, ಬಡಾವಣೆಯ ಹೆಸರನ್ನೊಂದು ತಿದ್ದಿಕೊಂಡರೆ ಸಾಕೆಂದು ತಿಳಿಸಿದೆ.