ಹೊಸ ಬ್ರೌಸರುಗಳೂ ನಮ್ಮ ಅಕ್ಕನವರೂ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯವರು ಅಪ್ಪಣೆಮಾಡಲು, ಪಾಂಡಿತ್ಯದ ವಿಷಯವನ್ನು ಬಿಟ್ಟು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನೇ ಅರಿಕೆಮಾಡುವೆನೆಂದು ನಿಶ್ಚಯಿಸಿದೆನು. ಇದರಿಂದ ಸೋದರಿಯರಲ್ಲಿ ಒಬ್ಬಿಬ್ಬರಿಗಾದರೂ ನಷ್ಟವು ತಪ್ಪಿದರೆ ನನ್ನ ಶ್ರಮವು ಸಾರ್ಥಕವಾಗುವುದು.

ನನ್ನ ಅಕ್ಕನವರೂ ಇದೇ ಶಾಲೆಯಲ್ಲಿ ಓದಿದವರು. ವಯೋಧರ್ಮದಿಂದ ಕಣ್ಣು ಮಂಜಾದ ಮೇಲೆ ಅಚ್ಚಿನ ಪತ್ರಿಕೆಯನ್ನು ಓದುವುದು ಅವರಿಗೆ ಅಸಾಧ್ಯವಾಯಿತು. ಕಂಪ್ಯೂಟರಿನಲ್ಲಿಯಾದರೋ ಕಂಟ್ರೋಲ್ ಕೀಲಿಯನ್ನು ಹಿಡಿದು ಕೂಡುವ ಚಿಹ್ನೆಯನ್ನೊತ್ತಿದರೆ ಅಕ್ಷರಗಳು ಬೇಕಾದಷ್ಟು ದೊಡ್ಡವಾಗುತ್ತವೆ. ಆದಕಾರಣ ಅವರು ಪ್ರತಿದಿನವೂ ಬೆಳಿಗ್ಗೆ ಪತ್ರಿಕೆಗಳನ್ನೂ ಕೀರ್ತನೆಗಳನ್ನೂ ಯಾರ ಹಂಗೂ ಇಲ್ಲದೆ ತಾವೇ ತೆರೆದು ಓದುತ್ತಿದ್ದರು. ಹೀಗಿರಲಾಗಿ, ಜಾಹೀರಾತುಗಳು ಪುಟವನ್ನೆಲ್ಲಾ ಮುಚ್ಚುತ್ತಿರುವುದನ್ನು ಕಂಡು, ಇವರಿಗೆ ಇದಕ್ಕಿಂತ ಉತ್ತಮವಾದ ಬ್ರೌಸರೊಂದನ್ನು ಹುಡುಕಿಕೊಡಬೇಕೆಂಬ ಹುಮ್ಮಸ್ಸು ನನಗೆ ಹುಟ್ಟಿತು.

ಜಾಲದ ಪುಟಗಳನ್ನು ತೆರೆದು ತೋರಿಸುವ ಈ ಸಾಧನವನ್ನು ಮೊದಲು ರಚಿಸಿದವರು ಟಿಮ್ ಬರ್ನರ್ಸ್-ಲೀ ಎಂಬವರು. 1990ರಲ್ಲಿ, ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ. 1993ರಲ್ಲಿ ಮೊಸಾಯಿಕ್, 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದವು. ನಾನು ಒಂದೊಂದನ್ನಾಗಿ ಪರೀಕ್ಷಿಸತೊಡಗಿದಾಗ ಒಂದು ವಿಷಯವು ತಿಳಿದು ಆಶ್ಚರ್ಯವಾಯಿತು. ಎಡ್ಜ್, ಬ್ರೇವ್, ಒಪೇರಾ, ವಿವಾಲ್ಡಿ ಇವೆಲ್ಲವೂ ಕ್ರೋಮಿನಂತೆಯೇ ಕ್ರೋಮಿಯಂ ಎಂಬ ಒಂದೇ ತಳಹದಿಯ ಮೇಲೆ ಕಟ್ಟಲ್ಪಟ್ಟವು. ಬೇರೆ ಬೇರೆ ಸೀರೆಯನ್ನುಟ್ಟ ಒಂದೇ ಮನೆಯ ಹೆಣ್ಣುಮಕ್ಕಳು! ಫೈರ್‌ಫಾಕ್ಸ್ ಮತ್ತು ಸಫಾರಿಗಳ ಮನೆತನ ಮಾತ್ರ ಬೇರೆ.

ಪ್ರತಿಯೊಂದರಲ್ಲಿಯೂ ಒಂದೊಂದು ಗುಣವುಂಟು. ವಿವಾಲ್ಡಿಯಲ್ಲಿ ಟ್ಯಾಬುಗಳನ್ನು ಪಕ್ಕಕ್ಕೆ ಸಾಲಾಗಿ ಜೋಡಿಸಬಹುದು. ಬ್ರೇವ್ ತಾನಾಗಿಯೇ ಜಾಹೀರಾತುಗಳನ್ನು ತಡೆಯುತ್ತದೆ. ಫೈರ್‌ಫಾಕ್ಸಿನ ಓದುವ ನೋಟವು ಲೇಖನವನ್ನು ಮಾತ್ರ ಉಳಿಸಿ ಮಿಕ್ಕ ಗದ್ದಲವನ್ನು ಮರೆಮಾಡುತ್ತದೆ. ಕಿರುಕುಳಗಳೂ ಕಡಮೆಯಿಲ್ಲ. ಹೊಸದಾಗಿ ಬಂದ ಬ್ರೌಸರು 'ನನ್ನನ್ನೇ ಮುಖ್ಯಳನ್ನಾಗಿ ಮಾಡಿಕೊಳ್ಳಿರಿ' ಎಂದು ಪೀಡಿಸುವುದು. ತಾಣಗಳು ಕುಕೀಗಳಿಗೆ ಮತ್ತೆ ಒಪ್ಪಿಗೆ ಬೇಡುವುವು. ಎಲ್ಲೆಡೆಯೂ ಪಾಸ್‌ವರ್ಡನ್ನು ಮೊದಲಿನಿಂದ ಕೊಡಬೇಕು. ಖಾಸಗಿ ಕಿಟಕಿಯೆಂದರೆ ಸಂಪೂರ್ಣ ಗುಟ್ಟೆಂದು ನಾನು ಭ್ರಮಿಸಿದ್ದೆನು. ಅದು ನಮ್ಮ ಯಂತ್ರದಲ್ಲಿ ಚರಿತ್ರೆಯನ್ನು ಉಳಿಸುವುದಿಲ್ಲವೇ ಹೊರತು, ನಾವು ನೋಡುವ ತಾಣದವರ ಕಣ್ಣನ್ನು ಕಟ್ಟಲಾರದು.

ಕೊನೆಗೆ ಒಂದನ್ನು ಆರಿಸಿ, ಸಡಗರದಿಂದ ಅಕ್ಕನವರ ಹಳೆಯ ಬ್ರೌಸರನ್ನು ತೆಗೆದುಹಾಕಿದೆನು. ತೆಗೆಯುವಾಗ 'ದತ್ತಾಂಶವನ್ನೂ ಅಳಿಸಲೇ?' ಎಂದು ಅದು ಕೇಳಿತು. ನಾನು ಓದದೆಯೇ ಒಪ್ಪಿದೆನು. ಅವರು ಹಲವು ವರ್ಷಗಳಿಂದ ಕೂಡಿಸಿದ್ದ ಬುಕ್‌ಮಾರ್ಕುಗಳೆಲ್ಲವೂ ಹೋದವು. ಅಕ್ಕನವರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಬೆಳಿಗ್ಗೆ ಓದುವುದಕ್ಕೆ ನಿನ್ನನ್ನೇ ಕರೆಯಬೇಕೇನೇ?" ಎಂದರು. ಆ ಮಾತು ನನ್ನ ಎದೆಗೆ ನಾಟಿತು. ನಾನು ಕಳೆದದ್ದು ಬರಿಯ ಪಟ್ಟಿಯನ್ನಲ್ಲ, ಅವರ ಸ್ವಾತಂತ್ರ್ಯವನ್ನು.

ಮರುದಿನದಿಂದ ಇಬ್ಬರೂ ಜೊತೆಯಲ್ಲಿ ಕುಳಿತೆವು. "ಅಕ್ಕಾ, ಇದಕ್ಕೆ ಏನೆಂದು ಹೆಸರಿಡಲಿ?" ಎಂದು ನಾನು ಕೇಳಿದರೆ, "ನೀನು ಹೇಳಿಕೊಡು, ನಾನೇ ಬರೆಯುತ್ತೇನೆ" ಎಂದರು. ಒಂದೊಂದು ತಾಣವನ್ನೂ ನೆನಪಿನಿಂದ ಹುಡುಕಿ, 'ಬೆಳಗಿನ ಸುದ್ದಿ', 'ಭಾನುವಾರದ ಹಾಡು' ಎಂದು ಕನ್ನಡದಲ್ಲಿಯೇ ಹೆಸರಿಟ್ಟರು. ಕೆಲಸವು ಮುಗಿಯಲು ಮೂರು ವಾರಗಳು ಹಿಡಿದವು. ಅಷ್ಟರಲ್ಲಿ, ತಪ್ಪಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್, ಟಿ ಎಂಬ ಮೂರು ಕೀಲಿಗಳಿಂದ ಮರಳಿ ತರುವುದನ್ನೂ ಅವರು ಕಲಿತುಕೊಂಡರು.

ಆದುದರಿಂದ ಸೋದರಿಯರೇ, ಹೊಸದನ್ನು ಪರೀಕ್ಷಿಸಲು ಅಂಜಬೇಡಿರಿ. ಆದರೆ ಹಳೆಯದನ್ನು ತೆಗೆಯುವ ಮುನ್ನ ಬುಕ್‌ಮಾರ್ಕುಗಳನ್ನು ಒಂದು ಕಡತವಾಗಿ ಹೊರತೆಗೆದು ಕಾಪಾಡಿರಿ. ಬಹುಮಟ್ಟಿಗೆ ಎಲ್ಲಾ ಬ್ರೌಸರುಗಳಲ್ಲಿಯೂ ಇದಕ್ಕೆ ಅನುಕೂಲವುಂಟು. ಮುಖ್ಯವಾಗಿ, ಇನ್ನೊಬ್ಬರ ಹಿತಕ್ಕಾಗಿ ಮಾಡುವ ಬದಲಾವಣೆಯನ್ನು ಅವರನ್ನು ಕೇಳಿಯೇ ಮಾಡಿರಿ. ಅಕ್ಕನವರು ತಮ್ಮ ಕಡತದ ಪ್ರತಿಯನ್ನು ಈಗ ತಾವೇ ಜೋಪಾನವಾಗಿಟ್ಟುಕೊಂಡಿದ್ದಾರೆ. ಹೊಸ ಬ್ರೌಸರುಗಳ ಪರೀಕ್ಷೆಗೆ ನನಗೆ ನನ್ನ ಯಂತ್ರವೊಂದೇ ಉಳಿದಿದೆ, ಅದು ನ್ಯಾಯವೇ.