ಇಲಿ ಹಿಡಿದ ಫಲಕ

ಕಳೆದ ಬೇಸಗೆ ರಜೆಯ ಒಂದು ಮಧ್ಯಾಹ್ನ. ಊಟ ಮುಗಿಸಿ ಒಂದಿಷ್ಟು ಅಡ್ಡಾಗೋಣವೆಂದಿದ್ದೆ. ಚಾವಡಿಯಿಂದ ಮಕ್ಕಳ ನಗು ಕೇಳಿಬಂತು. ಹೋಗಿ ನೋಡಿದರೆ ಮಗಳೂ ಅವಳ ಇಬ್ಬರು ಗೆಳತಿಯರೂ ಒಂದು ಮೊಬೈಲಿನ ಮುಂದೆ ತಲೆಗೆ ತಲೆ ಕೂಡಿಸಿ ಕುಳಿತಿದ್ದರು. "ಏನದು?" ಎಂದು ಕೇಳಿದೆ. "ಚರಿತ್ರೆ ಅಪ್ಪಾ" ಎಂದಳು. ಚರಿತ್ರೆಯ ಹೆಸರೆತ್ತಿದರೆ ಆಕಳಿಸುವ ಮಕ್ಕಳನ್ನು ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕಂಡವನು. ಹೊಟ್ಟೆ ಹಿಡಿದುಕೊಂಡು ನಗುವವರನ್ನು ಕಂಡದ್ದು ಅದೇ ಮೊದಲು. ನಿದ್ದೆಯ ಆಸೆ ಬಿಟ್ಟು ನಾನೂ ಕುಳಿತೆ.

ಅದು ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ಮಕ್ಕಳಿಗಾಗಿ 2009ರಲ್ಲಿ ಆರಂಭಿಸಿದ 'ಹಾರಿಬಲ್ ಹಿಸ್ಟರೀಸ್' ಎಂಬ ಟೆಲಿವಿಷನ್ ಹಾಸ್ಯ ಮಾಲಿಕೆ. 'ಭಯಂಕರ ಚರಿತ್ರೆಗಳು' ಎಂದು ಕನ್ನಡಿಸಬಹುದು. ಟೆರಿ ಡಿಯರಿ ಎಂಬ ಲೇಖಕರು 1993ರಿಂದ ಬರೆಯುತ್ತ ಬಂದ ಇದೇ ಹೆಸರಿನ ಪುಸ್ತಕಗಳು ಅದಕ್ಕೆ ಆಧಾರ. ಎರಡು ಮೂರು ನಿಮಿಷಗಳ ಪುಟ್ಟ ಪುಟ್ಟ ದೃಶ್ಯಗಳು. ಈಗ ರೋಮಿನ ಚಕ್ರವರ್ತಿಯಾದ ನಟನೇ ಮರುಗಳಿಗೆಯಲ್ಲಿ ಇಂಗ್ಲೆಂಡಿನ ಅರಸ. ಒಂದು ದೃಶ್ಯದಲ್ಲಿ ಮೃತ್ಯುದೇವತೆ ಗುಮಾಸ್ತನಂತೆ ಮೇಜಿನ ಹಿಂದೆ ಕುಳಿತು, ಸತ್ತು ಬಂದವರನ್ನು "ನೀನು ಹೇಗೆ ಸತ್ತೆ?" ಎಂದು ವಿಚಾರಿಸಿ ಬಿದ್ದು ಬಿದ್ದು ನಗುತ್ತಾನೆ. ಇನ್ನೊಂದರಲ್ಲಿ, 1660ರಲ್ಲಿ ಮರಳಿ ಸಿಂಹಾಸನವೇರಿದ ಎರಡನೆಯ ಚಾರ್ಲ್ಸ್ ದೊರೆ ಇಂದಿನ ಪಡ್ಡೆ ಹುಡುಗರಂತೆ ರ‍್ಯಾಪ್ ಹಾಡುತ್ತಾನೆ. ಅವರ ಇಂಗ್ಲಿಷು ಬಾಣದ ವೇಗದ್ದು. ನನಗೆ ಅರ್ಧ ಹಿಡಿಯಿತು, ಉಳಿದರ್ಧವನ್ನು ಮಗಳು ಹಿಡಿದುಕೊಟ್ಟಳು. ದೊಡ್ಡವರ ಕಾರ್ಯಕ್ರಮಗಳೊಡನೆ ಸ್ಪರ್ಧಿಸಿ 2010ರ ಸಾಲಿನ ಬ್ರಿಟಿಷ್ ಹಾಸ್ಯ ಪ್ರಶಸ್ತಿಯನ್ನು ಇದು ಗೆದ್ದಿತೆಂದು ಅನಂತರ ತಿಳಿಯಿತು. ಆಶ್ಚರ್ಯವೇನೂ ಆಗಲಿಲ್ಲ.

ವಿಕ್ಟೋರಿಯಾ ರಾಣಿಯ ದೃಶ್ಯವೊಂದಿದೆ. ಅಪ್ಪಟ ಬ್ರಿಟಿಷ್ ವಸ್ತುಗಳೇ ತನಗೆ ಬೇಕೆಂದು ರಾಣಿ ಹಟ ಹಿಡಿಯುತ್ತಾಳೆ. ಸೇವಕನು ವಿನಯದಿಂದಲೇ, ತಾವು ಕುಡಿಯುವ ಚಹಾ ಇಂಡಿಯಾದ್ದು, ಅದಕ್ಕೆ ಹಾಕಿದ ಸಕ್ಕರೆ ಕೆರಿಬಿಯನ್ ದ್ವೀಪಗಳದ್ದು ಎಂದು ಒಂದೊಂದಾಗಿ ಬಿಡಿಸಿಡುತ್ತಾನೆ. ತಮ್ಮ ರಾಣಿಯನ್ನು ತಮ್ಮ ಮಕ್ಕಳ ಮುಂದೆಯೇ ಹೀಗೆ ಕೂರಿಸುವುದಕ್ಕೂ ಒಂದು ಎದೆಗಾರಿಕೆ ಬೇಕು.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ರಾಜರೂ ಅಲ್ಲ, ರಾಣಿಯರೂ ಅಲ್ಲ, ಒಂದು ಇಲಿ. ಕಪ್ಪು ಇಲಿಗೆ ಪ್ರಾಣಿಶಾಸ್ತ್ರದಲ್ಲಿರುವ 'ರ‍್ಯಾಟಸ್ ರ‍್ಯಾಟಸ್' ಎಂಬ ಹೆಸರನ್ನೇ ಹೊತ್ತ ಒಂದು ಗೊಂಬೆ ಈ ಮಾಲಿಕೆಯ ಸೂತ್ರಧಾರ. ನಂಬಲಾಗದ ಸಂಗತಿ ಬಂದಾಗ ಅದು ಮೂಲೆಯಿಂದ ತಲೆಯೆತ್ತಿ, ಇದು ನಿಜ ಎಂದು ಬರೆದ ಫಲಕವನ್ನು ಹಿಡಿಯುತ್ತದೆ. ಪುರಾತನ ರೋಮಿನಲ್ಲಿ ಬಟ್ಟೆ ಒಗೆಯಲು ಹಳಸಿದ ಮೂತ್ರ ಬಳಸುತ್ತಿದ್ದರು ಎಂದರೆ ಯಾವ ಮಗು ನಂಬೀತು? ಆದರೆ ಅದು ನಿಜ. ಯಾವುದು ತಮಾಷೆ, ಯಾವುದು ನಡೆದದ್ದು ಎಂದು ಇಲಿ ಗೆರೆ ಎಳೆಯುತ್ತದೆ. ನಮ್ಮ ಯಕ್ಷಗಾನದ ಹಾಸ್ಯಗಾರನಿಗೆ ಈ ಫಲಕ ಬೇಕಾಗುವುದಿಲ್ಲ. ಕಂಸನ ದೂತನಾಗಿ ಬಂದು ಅವನು ಬಸ್ಸಿನ ಟಿಕೇಟಿನ ಮಾತಾಡಿದರೆ, ಬೆಳಗ್ಗೆ ಅದನ್ನು ಭಾಗವತದಲ್ಲಿ ಹುಡುಕುವವರಿಲ್ಲ. ಚರಿತ್ರೆಯ ಹಾಸ್ಯದ ಪಾಡು ಹಾಗಲ್ಲ; ಅಲ್ಲಿ ನಿಜವೇ ಹಾಸ್ಯದಂತೆಯೂ ಹಾಸ್ಯವೇ ನಿಜದಂತೆಯೂ ಕಾಣುತ್ತದೆ.

ಹೀಗೆ ಎಚ್ಚರ ವಹಿಸಿದವರೂ ಒಮ್ಮೆ ಎಡವಿದ್ದಾರೆ. ಕ್ರಿಮಿಯಾ ಯುದ್ಧದ ದಾದಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿಗಳಿಲ್ಲ. ಅದೇ ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿದ ಜಮೈಕಾದ ಮೇರಿ ಸೀಕೋಲಳ ಹೆಸರು ನಾನು ಓದಿದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಆಕೆ ಸೇವೆಗೆ ಸಿದ್ಧಳಾಗಿ ಲಂಡನ್ನಿಗೆ ಬಂದಾಗ ಕಚೇರಿಗಳು ಒಂದಾದಮೇಲೊಂದು ಬಾಗಿಲು ಮುಚ್ಚಿದವು. ಛಲ ಬಿಡದೆ ಸ್ವಂತ ಖರ್ಚಿನಿಂದ ಹೋಗಿ 1855ರಲ್ಲಿ ಯುದ್ಧಭೂಮಿಯ ಸಮೀಪವೇ ಸೈನಿಕರಿಗೆ ಆಶ್ರಯವಾಗುವ ಒಂದು ಮನೆ ಕಟ್ಟಿದಳು. ಈ ಮಾಲಿಕೆಯ ಒಂದು ದೃಶ್ಯದಲ್ಲಿ ನೈಟಿಂಗೇಲಳೇ ಬಣ್ಣದ ಕಾರಣಕ್ಕಾಗಿ ಸೀಕೋಲಳನ್ನು ತಿರಸ್ಕರಿಸಿದಳೆಂಬಂತೆ ತೋರಿಸಿದರು. ದೂರು ಹೋಯಿತು. ಅದಕ್ಕೆ ತಕ್ಕ ಆಧಾರವಿಲ್ಲವೆಂದು ಬಿ.ಬಿ.ಸಿ.ಯ ಅಂದಿನ ಮೇಲ್ವಿಚಾರಣಾ ಮಂಡಳಿಯೇ 2014ರಲ್ಲಿ ತೀರ್ಮಾನ ಕೊಟ್ಟಿತು.

ಸೀಕೋಲ್ 1857ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತನ್ನ ಮೈಬಣ್ಣವೇ ಅಡ್ಡಿಯಾಯಿತೇ ಎಂದು ಲಂಡನ್ನಿನ ಬೀದಿಯಲ್ಲಿ ಕಣ್ಣೀರಿಟ್ಟುದನ್ನು ಹೇಳಿಕೊಂಡಿದ್ದಾಳೆ. ಆದರೆ ಅಷ್ಟು ಹೊತ್ತಿಗೆ ನೈಟಿಂಗೇಲ್ ಯುದ್ಧಕ್ಷೇತ್ರದ ಕಡೆಗೆ ಹೊರಟುಹೋಗಿದ್ದಳು. ದಾರಿಯಲ್ಲಿ ಇಬ್ಬರೂ ಭೇಟಿಯಾದಾಗ ಸೀಕೋಲಳಿಗೆ ಒಂದು ರಾತ್ರಿ ತಂಗಲು ಜಾಗ ದೊರೆಯಿತೆಂದೂ ಅದೇ ಪುಸ್ತಕದಲ್ಲಿದೆ. ಮುಂದೆ ನೈಟಿಂಗೇಲ್ ಖಾಸಗಿ ಪತ್ರವೊಂದರಲ್ಲಿ ಆಕೆಯ ಬಗ್ಗೆ ಕಟುವಾಗಿ ಬರೆದದ್ದೂ ಉಂಟು. ಇಷ್ಟೆಲ್ಲ ಎರಡು ನಿಮಿಷದ ನಗೆಯಲ್ಲಿ ಹಿಡಿಸುವುದಿಲ್ಲ. ಅನ್ಯಾಯ ನಡೆದದ್ದು ನಿಜ. ಆದರೆ ಅದನ್ನು ಮಾಡಿದವರು ಇಂಥವರೇ ಎಂದು ಬೊಟ್ಟು ಮಾಡಿದ್ದು ತಪ್ಪಾಯಿತು. ಸತ್ತವರು ಬಂದು ಸಮಜಾಯಿಷಿ ಕೊಡಲಾರರಷ್ಟೆ.

ಇನ್ನೊಬ್ಬರ ತಪ್ಪನ್ನು ಇಷ್ಟು ಉದ್ದ ಬರೆದಮೇಲೆ ನನ್ನದನ್ನು ಬಚ್ಚಿಡುವುದು ಸರಿಯಲ್ಲ.

ಕನ್ನಡ ಅಧ್ಯಾಪಕನಾದರೂ ಸಮಾಜ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದ ದಿನ ಅವರ ತರಗತಿಗೆ ಹೋಗುವ ಪಾಳಿ ನನಗೆ ಆಗಾಗ ಬರುತ್ತದೆ. ಆಗ ನನ್ನ ಬತ್ತಳಿಕೆಯಲ್ಲಿ ಸದಾ ಸಿದ್ಧವಿದ್ದ ಬಾಣ ಫ್ರಾನ್ಸಿನ ರಾಣಿ ಮಾರಿ ಆಂಟೊಯ್ನೆಟ್‌ಳ ಕಥೆ. ಜನರಿಗೆ ತಿನ್ನಲು ರೊಟ್ಟಿಯಿಲ್ಲ ಎಂದರೆ "ಕೇಕ್ ತಿನ್ನಲಿ" ಎಂದಳಂತೆ! ಸ್ವರ ಬದಲಿಸಿ, ಕೈಯಲ್ಲಿ ಬೀಸಣಿಗೆಯಿದ್ದಂತೆ ಅಭಿನಯಿಸಿ ಹೇಳುತ್ತಿದ್ದೆ. ತರಗತಿ ನಗೆಯಲ್ಲಿ ಮುಳುಗುತ್ತಿತ್ತು. ನನಗೂ ಒಳಗೊಳಗೇ ಹಿಗ್ಗು.

ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಹಳೆ ವಿದ್ಯಾರ್ಥಿನಿಯೊಬ್ಬಳು, ಈಗ ಕಾಲೇಜಿನಲ್ಲಿ ಚರಿತ್ರೆ ಓದುತ್ತಿರುವವಳು, ಬಹಳ ಸಂಕೋಚದಿಂದ ಹೇಳಿದಳು: "ಸಾರ್, ಆ ಮಾತು ಅವಳದ್ದಲ್ಲವಂತೆ." ಆಮೇಲೆ ನಾನೂ ಓದಿ ನೋಡಿದೆ. ಆ ಕಥೆ ರೂಸೋನ ಆತ್ಮಕಥೆಯಲ್ಲಿದೆ. ಹೆಸರಿಲ್ಲದ ಯಾವಳೋ ಒಬ್ಬ ರಾಜಕುಮಾರಿಯ ಮಾತಾಗಿ. ರೂಸೋ ಆ ಭಾಗವನ್ನು ಬರೆದ ಕಾಲಕ್ಕೆ 1755ರಲ್ಲಿ ಹುಟ್ಟಿದ ಮಾರಿ ಇನ್ನೂ ಆಸ್ಟ್ರಿಯದಲ್ಲಿ ಆಡಿಕೊಂಡಿದ್ದ ಬಾಲೆ. ಆಕೆ ಫ್ರಾನ್ಸಿಗೆ ಮದುವೆಯಾಗಿ ಬಂದದ್ದು 1770ರಲ್ಲಿ. ಆ ಮಾತನ್ನು ಆಕೆ ಆಡಿದಳೆನ್ನಲು ಆಧಾರವೇ ಇಲ್ಲ. ರಾಣಿಯ ದುಂದು ಸುಳ್ಳಲ್ಲ, ಜನರ ಹಸಿವೂ ಸುಳ್ಳಲ್ಲ. ಸುಳ್ಳಾದದ್ದು ನಾನು ಚಪ್ಪಾಳೆ ಗಿಟ್ಟಿಸಿದ ಆ ಒಂದು ವಾಕ್ಯ ಮಾತ್ರ.

ಆ ಹುಡುಗಿ ಒಂದು ಮಾತನ್ನು ಸೇರಿಸಿದ್ದಳು. ಕಾಲೇಜಿನಲ್ಲಿ ಈ ಬಗ್ಗೆ ಚರ್ಚೆ ಬಂದಾಗ, "ನಮ್ಮ ಸಾರೇ ಹೇಳಿದ್ದಾರೆ" ಎಂದು ಎಲ್ಲರೆದುರು ವಾದಿಸಿ ಸೋತಳಂತೆ. ಅದನ್ನು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಮೇಲೆ ಹತ್ತನೆಯ ತರಗತಿಯಲ್ಲಿ ಇದನ್ನೆಲ್ಲ ವಿವರಿಸಿದೆ. ಇಲಿಯ ಫಲಕದ ಸಂಗತಿಯನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಾದರೆ ಮೊದಲು ನಿಮ್ಮಿಂದ ಕೇಳಿಹೋದವರಿಗೆ ಯಾರು ಹೇಳುವುದು ಸಾರ್?" ಎಂದು ಕೇಳಿದ.

ಆ ಹಳೆಯ ತರಗತಿಗಳಲ್ಲಿ ಕುಳಿತು ನಕ್ಕವರಲ್ಲಿ ಕೆಲವರು ಇಂದು ನಮ್ಮ ಶಾಲೆಯ ಮಕ್ಕಳ ತಂದೆತಾಯಂದಿರು. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ.